ಕಣ್ಣೂ ಉಸಿರಾಡುತ್ತದೆ, ಗೊತ್ತೆ?

ಪ್ರೀತಿಯ ಮಕ್ಕಳೇ,

ಮಕ್ಕಳೇ ಎಂದು ಕರೆದದ್ದಕ್ಕೆ ಮುನಿಸಿಕೊಳ್ಳಬೇಡಿ. ನಿಮ್ಮಲ್ಲಿ ಕೆಲವರು ದೊಡ್ಡ ಕೆಲಸದಲ್ಲಿದ್ದೀರಿ, ಕೆಲವರಿಗೆ ಮದುವೆಯೂ ಆಗಿದೆ. ಆದರೆ ಸಂಘದ ರಾಜ್ಯೋತ್ಸವದ ದಿನ ನಿಮ್ಮ ಮುಖಕ್ಕೆ ಬಣ್ಣ ಹಚ್ಚಿ, ನೀವು ಮರೆತ ಮಾತನ್ನು ಪರದೆಯ ಹಿಂದಿನಿಂದ ಹೇಳಿಕೊಟ್ಟವಳು ನಾನು. ನನಗೆ ನೀವು ಎಂದೆಂದಿಗೂ ಮಕ್ಕಳೇ.

ಈ ಸಂಚಿಕೆಗೆ ಯುವಕ ಯುವತಿಯರಿಗಾಗಿ ಒಂದು ವಿಜ್ಞಾನದ ಲೇಖನ ಬರೆದುಕೊಡಿ ಎಂದು ಸಂಪಾದಕರು ಕೇಳಿದಾಗ ನನಗೆ ನಗು ಬಂತು. ನಾನು ಓದಿದ್ದು ಬಿ.ಎ., ಅದೂ ಇಂಗ್ಲಿಷ್ ಸಾಹಿತ್ಯ. ಮದುವೆಯಾಗಿ ಮೈಸೂರಿನಿಂದ ಈ ಊರಿಗೆ ಬಂದಾಗ ಇದಕ್ಕೆ ಇನ್ನೂ ಮದ್ರಾಸ್ ಎಂದೇ ಹೆಸರು. ಅಂದಿನಿಂದ ನನ್ನ ಪ್ರಯೋಗಶಾಲೆ ಎಂದರೆ ಅಡಿಗೆಮನೆಯೇ. ಆದರೂ ಒಂದು ವಿಷಯವನ್ನು ಮಾತ್ರ ಪಟ್ಟು ಹಿಡಿದು ಕಲಿತೆ. ಯಾಕೆ ಕಲಿಯಬೇಕಾಯಿತು ಎಂದು ಮೊದಲು ಹೇಳುತ್ತೇನೆ.

ನಮ್ಮ ಮಗಳಿಗೆ ಶೋಳಿಂಗನಲ್ಲೂರಿನ ಕಂಪೆನಿಯೊಂದರಲ್ಲಿ ಕೆಲಸ. ಒಂದು ವಾರ ರಾತ್ರಿ ಪಾಳಿ, ಒಂದು ವಾರ ಹಗಲು. ಕನ್ನಡಕ ಬೇಡವೆಂದು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳುತ್ತಾಳೆ. ಒಂದು ದಿನ ಬೆಳಗಿನ ಜಾವ ಬಂದವಳು ಲೆನ್ಸ್ ತೆಗೆಯುವಷ್ಟೂ ತಾಳ್ಮೆಯಿಲ್ಲದೆ ಹಾಗೇ ಮಲಗಿದಳು. ಅದು ಮೊದಲ ಸಲವೇನೂ ಅಲ್ಲವಂತೆ, ಆಮೇಲೆ ತಿಳಿಯಿತು. ಮಧ್ಯಾಹ್ನ ಎದ್ದಾಗ ಎರಡು ಕಣ್ಣೂ ಕೆಂಡದಂತೆ ಕೆಂಪು. ಬೆಳಕು ನೋಡಲಾಗುತ್ತಿಲ್ಲ, ಧಾರಾಕಾರ ನೀರು. ನಾನು ‘ಮದ್ರಾಸ್ ಐ’ ಇರಬೇಕು ಎಂದುಕೊಂಡು ಅವಳ ಟವೆಲನ್ನೆಲ್ಲ ಬೇರೆ ಇಟ್ಟೆ. (ನಮ್ಮ ಊರಿನ ಹೆಸರನ್ನು ಕರ್ನಾಟಕದ ಮನೆಮನೆಗೂ ಮುಟ್ಟಿಸಿದ ಕೀರ್ತಿ ಆ ಕಾಯಿಲೆಗೇ ಸೇರಬೇಕು!)

ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, “ಇದು ಅಂಟುಜಾಡ್ಯವಲ್ಲಮ್ಮ. ಕಣ್ಣಿಗೆ ಉಸಿರು ಕಟ್ಟಿದೆ” ಎಂದರು.

ಕಣ್ಣಿಗೆ ಉಸಿರೆ? ನನಗೆ ಅರ್ಥವಾಗಲಿಲ್ಲ. ಅವರು ಚೀಟಿಯ ಹಿಂಬದಿಯಲ್ಲಿ ಒಂದು ಚಿತ್ರ ಬರೆದು ತೋರಿಸಿದರು. “ಬಹುಪಾಲು ಅಂಗಗಳಿಗೆ ರಕ್ತ ಉಸಿರನ್ನು ಹೊತ್ತುಕೊಂಡು ಹೋಗಿ ಕೊಡುತ್ತದೆ. ಕಣ್ಣಿನ ಮುಂದಿನ ಈ ಪದರಕ್ಕೆ ರಕ್ತವೇ ಇಲ್ಲ. ಅದು ನೇರವಾಗಿ ಗಾಳಿಯಿಂದಲೇ ಆಮ್ಲಜನಕ ತೆಗೆದುಕೊಳ್ಳುತ್ತದೆ. ಡಿಫ್ಯೂಷನ್ ಅಂತ ಶಾಲೆಯಲ್ಲಿ ಓದಿಲ್ಲವೆ?” ಎಂದು ಮಗಳನ್ನು ಕೇಳಿದರು. ಅವಳು ತಲೆ ತಗ್ಗಿಸಿದಳು. ಓದಿದ್ದಾಳೆ, ಅಂಕವೂ ಬಂದಿದೆ. ಪರೀಕ್ಷೆ ಮುಗಿದ ಮೇಲೆ ಅದು ತನ್ನ ಕಣ್ಣಿನೊಳಗೇ ನಡೆಯುತ್ತಿದೆ ಎಂದು ನೆನೆಯಲಿಲ್ಲ, ಅಷ್ಟೆ.

ಡಿಫ್ಯೂಷನ್‌ಗೆ ಕನ್ನಡದಲ್ಲಿ ‘ವಿಸರಣೆ’ ಎನ್ನುತ್ತಾರೆ. ನನ್ನ ಮಾತಿನಲ್ಲಿ ಹೇಳುವುದಾದರೆ, ಇದ್ದಲ್ಲಿಂದ ಇಲ್ಲದಲ್ಲಿಗೆ ಹರಡುವುದು.

ಪಾನಕದ ತಳದ ಬೆಲ್ಲ

ಶ್ರೀರಾಮನವಮಿಯ ಪಾನಕವನ್ನು ನೆನೆಸಿಕೊಳ್ಳಿ. ಒಂದು ಗಾಜಿನ ಲೋಟದ ತುಂಬ ನೀರು ಹಾಕಿ, ತಳಕ್ಕೆ ಒಂದು ಚೂರು ಬೆಲ್ಲ ಬಿಟ್ಟು ಕದಡದೆ ಇಡಿ. ಬೆಲ್ಲ ಕರಗಿ ತಳದಲ್ಲಿ ಕಂದು ಬಣ್ಣದ ಒಂದು ಪದರವಾಗುತ್ತದೆ. ಸಂಜೆ ನೋಡಿದರೆ ಆ ಬಣ್ಣ ಸ್ವಲ್ಪವೇ ಮೇಲೆ ಬಂದಿರುತ್ತದೆ. ಮೇಲಿನ ನೀರು ಇನ್ನೂ ಸಪ್ಪೆ. ಲೋಟ ಅಲುಗದಂತೆ ವಾರಗಟ್ಟಲೆ ಇಟ್ಟರೆ (ಅಷ್ಟರಲ್ಲಿ ಅದು ಹುಳಿಯಾಗುತ್ತದೆ ಎನ್ನುವುದು ಬೇರೆ ಮಾತು) ಸಿಹಿ ಮೇಲಿನವರೆಗೂ ಏರುತ್ತದೆ. ಯಾರೂ ತಳ್ಳಲಿಲ್ಲ, ಯಾರೂ ಎಳೆಯಲಿಲ್ಲ. ಹಾಗಾದರೆ ಏರಿದ್ದು ಹೇಗೆ?

ನೀರಿನ ಅಣು, ಬೆಲ್ಲದ ಅಣು, ಗಾಳಿಯ ಅಣು ಯಾವುದೂ ಒಂದು ಕ್ಷಣ ಸುಮ್ಮನಿರುವುದಿಲ್ಲ. ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ದಿಕ್ಕುದೆಸೆಯಿಲ್ಲದೆ ಓಡಾಡುತ್ತಿರುತ್ತವೆ. ಬೆಲ್ಲದ ಅಣುವಿಗೆ ಮೇಲೆ ಸಪ್ಪೆ ಇದೆ, ಅಲ್ಲಿಗೆ ಹೋಗೋಣ ಎಂಬ ಬುದ್ಧಿ ಖಂಡಿತ ಇಲ್ಲ. ಒಂದು ಹಜಾರದ ಮಧ್ಯೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎಡಗಡೆ ನೂರು ಜನ, ಬಲಗಡೆ ಹತ್ತು ಜನ ಮಕ್ಕಳನ್ನು ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟಿದ್ದೇವೆ ಎಂದುಕೊಳ್ಳಿ. ಎಲ್ಲರೂ ತಮಗೆ ತೋಚಿದ ಕಡೆ ನಡೆಯುತ್ತಾರೆ. ಎಡಗಡೆ ಜನ ಹೆಚ್ಚಿರುವುದರಿಂದ ಎಡದಿಂದ ಬಲಕ್ಕೆ ಗೆರೆ ದಾಟುವವರೇ ಹೆಚ್ಚು. ಸ್ವಲ್ಪ ಹೊತ್ತಿನಲ್ಲಿ ಎರಡು ಕಡೆಯೂ ಹೆಚ್ಚು ಕಡಿಮೆ ಸಮ ಆಗುತ್ತದೆ. ಆಮೇಲೂ ಓಡಾಟ ನಿಲ್ಲುವುದಿಲ್ಲ. ಹೋಗುವವರೂ ಬರುವವರೂ ಸಮನಾಗಿರುತ್ತಾರೆ, ಅಷ್ಟೆ. ವಿಸರಣೆ ಎಂದರೆ ಇಷ್ಟೇ. ಅದಕ್ಕೆ ಬೇಕಾದದ್ದು ವ್ಯತ್ಯಾಸ ಒಂದೇ: ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ.

ಈ ಕುರುಡು ಓಡಾಟದ ಗಣಿತದ ಬಗ್ಗೆ 1943ರಲ್ಲಿ ಒಂದು ದೊಡ್ಡ ಪ್ರಬಂಧ ಬರೆದವರು ಎಸ್. ಚಂದ್ರಶೇಖರ್. ನೀವು ಮರೀನಾಕ್ಕೆ ಹೋಗುವಾಗ ಎದುರಿಗೆ ಕಾಣುವ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿದವರು, 1983ರಲ್ಲಿ ನೊಬೆಲ್ ಬಹುಮಾನ ಪಡೆದವರು. ಅದು ನಕ್ಷತ್ರಗಳ ಕುರಿತ ಕೆಲಸಕ್ಕೆ. ಆದರೆ ಕುರುಡು ಓಡಾಟದ ಆ ಪ್ರಬಂಧವನ್ನು ಭೌತಶಾಸ್ತ್ರದವರು ಬಹಳ ಕಾಲ ಓದಿದರು.

ಇಲ್ಲಿ ಒಂದು ಎಚ್ಚರಿಕೆ. ಊದುಬತ್ತಿ ಹಚ್ಚಿದರೆ ವಾಸನೆ ಮನೆಯೆಲ್ಲ ಹರಡುವುದೇ ವಿಸರಣೆ ಎಂದು ಶಾಲೆಯಲ್ಲಿ ಹೇಳಿಕೊಡುತ್ತಾರೆ. ಅದು ಪೂರ್ತಿ ನಿಜವಲ್ಲ. ಆ ವಾಸನೆಯನ್ನು ಹೊತ್ತು ತರುವುದು ಬಹುಪಾಲು ಫ್ಯಾನಿನ ಗಾಳಿ, ಕಿಟಕಿಯ ಗಾಳಿ. ಬರೀ ವಿಸರಣೆಯನ್ನೇ ನಂಬಿಕೊಂಡರೆ ದೇವರಮನೆಯ ಪರಿಮಳ ನಡುಮನೆಗೆ ಬರುವಷ್ಟರಲ್ಲಿ ಪೂಜೆ ಮುಗಿದು ಊಟವೂ ಆಗಿರುತ್ತದೆ. ಯಾಕೆ ಎನ್ನುವುದೇ ಈ ಕಥೆಯ ಮುಖ್ಯ ಭಾಗ.

ಎಂಟು ವರ್ಷದ ಹಾದಿ

ದೀಪಾವಳಿಗೆ ಜಾಮೂನು ಮಾಡುವಾಗ ನಾನು ಉಂಡೆಯನ್ನು ಸಣ್ಣದಾಗಿಯೇ ಕಟ್ಟುವುದು. ಆಸೆಗೆ ದಪ್ಪ ಕಟ್ಟಿದರೆ ಮೇಲೆಲ್ಲ ಪಾಕ ಕುಡಿದಿರುತ್ತದೆ, ನಡುವೆ ಮಾತ್ರ ಸಪ್ಪೆ ಹಿಟ್ಟು. ಮಾವಿನಕಾಯಿಯೂ ಹಾಗೆಯೇ. ಹೋಳಿನ ಉಪ್ಪಿನಕಾಯಿಗೆ ನಾಲ್ಕು ದಿನದಲ್ಲಿ ಉಪ್ಪು ಹಿಡಿದರೆ ಇಡೀ ಮಿಡಿಗೆ ವಾರಗಟ್ಟಲೆ ಕಾಯಬೇಕು. ನಮ್ಮ ಅಜ್ಜಿಯರಿಗೆ ಇದು ಅನುಭವದಿಂದ ಗೊತ್ತಿತ್ತು. ಇದರ ಲೆಕ್ಕವನ್ನು 1905ರಲ್ಲಿ ಐನ್‌ಸ್ಟೈನ್ ಹಾಕಿಕೊಟ್ಟರು. ದೂರ ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು ಬೇಕು. ದೂರ ಹತ್ತು ಪಟ್ಟಾದರೆ ಕಾಲ ನೂರು ಪಟ್ಟು!

ನಿಂತ ನೀರಿನಲ್ಲಿ ಆಮ್ಲಜನಕ ವಿಸರಣೆಯಿಂದ ಮಾತ್ರ ಸಾಗಬೇಕಾದರೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನನ್ನ ಮಗ ಲೆಕ್ಕ ಹಾಕಿಕೊಟ್ಟ. ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗ, ಅಂದರೆ ಒಂದು ಜೀವಕೋಶದಷ್ಟು ದೂರಕ್ಕೆ ಸೆಕೆಂಡಿನ ನಲವತ್ತನೆಯ ಒಂದು ಭಾಗ ಸಾಕು. ಒಂದು ಮಿಲಿಮೀಟರಿಗೆ ಸುಮಾರು 4 ನಿಮಿಷ. ಒಂದು ಸೆಂಟಿಮೀಟರಿಗೆ ಸುಮಾರು 7 ಗಂಟೆ. ಒಂದು ಮೀಟರಿಗೆ? ಸುಮಾರು 8 ವರ್ಷ! ನಿಮ್ಮ ಎದೆಯಿಂದ ಕಾಲಿನ ಬೆರಳಿಗೆ ಒಂದು ಮೀಟರಿಗಿಂತ ಹೆಚ್ಚೇ ದೂರ. ಮೂಗಿನಿಂದ ಎಳೆದ ಉಸಿರು ವಿಸರಣೆಯಿಂದಲೇ ಹೆಬ್ಬೆರಳಿಗೆ ಹೋಗಬೇಕಾಗಿದ್ದರೆ ಒಂದನೆಯ ತರಗತಿಯಲ್ಲಿ ಎಳೆದ ಉಸಿರು ಒಂಬತ್ತನೆಯ ತರಗತಿಯಲ್ಲಿ ತಲುಪುತ್ತಿತ್ತು.

ಜೀವಿಗಳ ಮೈ ಹೀಗೇಕಿದೆ ಎಂಬುದಕ್ಕೆ ಅರ್ಧ ಉತ್ತರ ಈ ಲೆಕ್ಕದಲ್ಲಿದೆ. ಅಮೀಬಾಕ್ಕೆ ಹೃದಯವಿಲ್ಲ, ಶ್ವಾಸಕೋಶವಿಲ್ಲ. ಒಂದೇ ಕೋಶದ ಜೀವಿಗೆ ಸೆಕೆಂಡಿನ ಒಂದು ಚೂರು ಸಾಕು, ಅದಕ್ಕೆ ಅವುಗಳ ಹಂಗೇಕೆ? ಮರದ ಎಲೆ ತೆಳ್ಳಗಿರುವುದರಿಂದ ಗಾಳಿಯಲ್ಲಿ ನೂರಕ್ಕೆ 0.04ರಷ್ಟು ಮಾತ್ರ ಇರುವ ಇಂಗಾಲದ ಡೈಆಕ್ಸೈಡ್ ಸಣ್ಣ ಸಣ್ಣ ರಂಧ್ರಗಳಿಂದ ಒಳಗೆ ಹರಡಿ ಹಸಿರಿಗೆ ಸಿಗುತ್ತದೆ. ತಾಯಿಯ ಗರ್ಭದಲ್ಲಿ ತಾಯಿಯ ರಕ್ತವೂ ಮಗುವಿನ ರಕ್ತವೂ ಬೆರೆಯುವುದಿಲ್ಲ. ನಡುವೆ ತೆಳುವಾದ ಗೋಡೆಯಿದೆ. ಉಸಿರು ಆ ಗೋಡೆಯನ್ನು ದಾಟಿ ಮಗುವಿಗೆ ಹೋಗುತ್ತದೆ.

ನಮ್ಮಂಥ ದೊಡ್ಡ ಮೈಯವರಿಗೆ ವಿಸರಣೆ ಒಂದೇ ಸಾಲದು. ಪಾನಕಕ್ಕೆ ಸೌಟು ಹಾಕಿ ಕದಡುತ್ತೇವಲ್ಲ, ಹಾಗೆ ನಮಗೊಂದು ಹೃದಯ ಬೇಕು. ಹೃದಯವೂ ರಕ್ತನಾಳಗಳೂ ಮಾಡುವುದು ದೂರ ಸಾಗಿಸುವ ಕೆಲಸ ಮಾತ್ರ. ಕೊನೆಯ ಒಂದು ಕೂದಲೆಳೆ ದೂರವನ್ನು ವಿಸರಣೆಯೇ ದಾಟಿಸಬೇಕು. ಶ್ವಾಸಕೋಶದಲ್ಲಿ 30 ಕೋಟಿಗೂ ಹೆಚ್ಚು ಪುಟ್ಟ ಗಾಳಿಚೀಲಗಳಿವೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರು, ಅಂದರೆ ಚೆನ್ನೈಯ ಒಂದು ಸಣ್ಣ ಎರಡು ಬೆಡ್‌ರೂಮಿನ ಫ್ಲ್ಯಾಟಿನಷ್ಟು ಜಾಗ! ಗಾಳಿಗೂ ರಕ್ತಕ್ಕೂ ನಡುವಿನ ಗೋಡೆಯ ದಪ್ಪ ಮಾತ್ರ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಜಾಗ ವಿಶಾಲವಾಗಿರಬೇಕು, ಗೋಡೆ ತೆಳ್ಳಗಿರಬೇಕು, ಎರಡು ಕಡೆಯ ವ್ಯತ್ಯಾಸ ದೊಡ್ಡದಿರಬೇಕು. ಈ ಮೂರು ಕೂಡಿದರೆ ವಿಸರಣೆ ಬೇಗ ಆಗುತ್ತದೆ.

ಕಿಟಕಿಯ ಗಾಜು

ಈಗ ಮಗಳ ಕಣ್ಣಿಗೆ ಬರೋಣ. ಕಣ್ಣಿನ ಕಪ್ಪು ಭಾಗದ ಮೇಲೆ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪದರವಿದೆ. ಅದಕ್ಕೆ ಪಾರಪಟಲ ಅಥವಾ ಕಾರ್ನಿಯಾ ಎಂದು ಹೆಸರು. ಅಡ್ಡಗಲ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ನಡುವಿನ ದಪ್ಪ ಸುಮಾರು ಅರ್ಧ ಮಿಲಿಮೀಟರು. (ಅಜ್ಜ ಅಜ್ಜಿಯರಿಗೆ ಬರುವ ಪೊರೆ ಬೇರೆ. ಅದು ಒಳಗಿನ ಮಸೂರಕ್ಕೆ ಬರುವುದು. ಕರ್ನಾಟಕದ ಊರೂರಿನ ಶಿಬಿರಗಳಲ್ಲಿ ಡಾ. ಎಂ.ಸಿ. ಮೋದಿಯವರು ತೆಗೆಯುತ್ತಿದ್ದುದು ಆ ಪೊರೆಯನ್ನು.)

ಕಿಟಕಿಯ ಗಾಜಿನೊಳಗೆ ಕೆಂಪು ನೀರಿನ ಕೊಳವೆಗಳಿದ್ದರೆ ಹೊರಗಿನದು ಕಾಣುತ್ತದೆಯೆ? ಅದಕ್ಕೇ ಪಾರಪಟಲದ ಪಾರದರ್ಶಕ ಭಾಗದಲ್ಲಿ ರಕ್ತನಾಳಗಳಿಲ್ಲ. ರಕ್ತವಿಲ್ಲದಿದ್ದರೂ ಅದು ಜೀವಂತ. ಅದಕ್ಕೂ ಹಸಿವಿದೆ, ಉಸಿರು ಬೇಕು. ಸಕ್ಕರೆಯ ಅಂಶ ಹಿಂದಿನಿಂದ, ಕಣ್ಣಿನೊಳಗಿನ ತಿಳಿನೀರಿನಿಂದ ಹರಡಿ ಬರುತ್ತದೆ. ಆಮ್ಲಜನಕ ಬಹುಪಾಲು ಮುಂದಿನಿಂದ, ಗಾಳಿಯಿಂದ ಕಣ್ಣೀರಿನಲ್ಲಿ ಕರಗಿ ಒಳಕ್ಕೆ ಇಳಿಯುತ್ತದೆ. ಮೇಲಿನ ಲೆಕ್ಕದ ಪ್ರಕಾರ ಅರ್ಧ ಮಿಲಿಮೀಟರ್ ನೀರು ದಾಟಲು ಒಂದು ನಿಮಿಷ. ಹೃದಯದ ಸೌಟಿಲ್ಲದೆ ಬರೀ ವಿಸರಣೆಯಿಂದ ಬದುಕಬಹುದಾದಷ್ಟು ತೆಳುವಾಗಿದೆ ಅದು.

ಹಾಗಾದರೆ ನಿದ್ದೆ ಮಾಡುವಾಗ? ರೆಪ್ಪೆಯ ಒಳಮೈಯಲ್ಲಿ ರಕ್ತನಾಳಗಳಿವೆ, ಅವು ಸ್ವಲ್ಪ ಕೊಡುತ್ತವೆ. ಆದರೆ ತೆರೆದ ಕಣ್ಣಿಗೆ ಸಿಗುವುದರ ಮೂರನೆಯ ಒಂದು ಭಾಗ ಮಾತ್ರ. ಅಷ್ಟರಲ್ಲೇ ರಾತ್ರಿ ಕಳೆಯಬೇಕು. ಅದಕ್ಕೇ ಎಲ್ಲರ ಪಾರಪಟಲವೂ ಬೆಳಿಗ್ಗೆ ಏಳುವಾಗ ಒಂದು ಚೂರು ಊದಿಕೊಂಡಿರುತ್ತದೆ, ಕಣ್ಣು ಬಿಟ್ಟ ಮೇಲೆ ಸರಿಹೋಗುತ್ತದೆ. ಈಗ ಯೋಚಿಸಿ: ಆ ಅರೆಹೊಟ್ಟೆಯ ಹೊತ್ತಿನಲ್ಲಿ ಮೇಲೊಂದು ಪ್ಲಾಸ್ಟಿಕ್ ಮುಚ್ಚಳವನ್ನೂ ಇಟ್ಟರೆ ಏನಾಗಬೇಡ? ಪಾರಪಟಲ ಊದುತ್ತದೆ, ಮಬ್ಬಾಗುತ್ತದೆ. ಇದೇ ಅಭ್ಯಾಸವಾದರೆ ಇನ್ನೂ ಕಷ್ಟ. ಉಸಿರಿಲ್ಲದ ಪಾರಪಟಲ ಪಕ್ಕದ ಬಿಳಿಗುಡ್ಡೆಯಿಂದ ರಕ್ತನಾಳಗಳನ್ನು ಕರೆಸಿಕೊಳ್ಳತೊಡಗುತ್ತದೆ. ಅವು ನಡುವಿನವರೆಗೆ ಬೆಳೆದರೆ ಗಾಜು ಗಾಜಾಗಿ ಉಳಿಯುವುದಿಲ್ಲ. ಲೆನ್ಸ್ ಹಾಕಿಕೊಂಡು ಮಲಗುವವರಿಗೆ ಕಣ್ಣು ಕೀವಾಗುವ ಅಪಾಯವೂ ಹಲವು ಪಟ್ಟು ಹೆಚ್ಚು. ನನ್ನ ಮಗಳದು ಹದಿನೈದು ದಿನದ ಔಷಧಿಯಲ್ಲಿ ವಾಸಿಯಾಯಿತು. ಎಲ್ಲರಿಗೂ ಆ ಅದೃಷ್ಟ ಇರುವುದಿಲ್ಲ.

ಚಿಕ್ಕಪ್ಪನ ನಿಯಮ, ಮಗನ ಲೆನ್ಸು

ಇಲ್ಲೊಂದು ಸ್ವಾರಸ್ಯವಿದೆ, ಕೇಳಿ. ವಿಸರಣೆಗೆ ನಿಯಮ ಬರೆದವರು ಅಡಾಲ್ಫ್ ಫಿಕ್ ಎಂಬ ಜರ್ಮನ್ ಶರೀರಶಾಸ್ತ್ರಜ್ಞ. 1855ರಲ್ಲಿ, ಸ್ವಿಟ್ಜರ್‌ಲೆಂಡಿನ ಜ್ಯೂರಿಕ್ ನಗರದಲ್ಲಿದ್ದಾಗ, ಕೊಳವೆಯ ತಳದಲ್ಲಿ ಉಪ್ಪು, ಮೇಲೆ ಸಿಹಿನೀರು ಇಟ್ಟು ಉಪ್ಪು ಹೇಗೆ ಏರುತ್ತದೆ ಎಂದು ಅಳೆದರು. ನಮ್ಮ ಪಾನಕದ ಪ್ರಯೋಗವೇ ತಾನೆ! ಎರಡು ಕಡೆಯ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು, ನಡುವಿನ ದೂರ ಹೆಚ್ಚಿದಷ್ಟೂ ಹರಿವು ಕಡಿಮೆ ಎಂದು ಲೆಕ್ಕ ಬರೆದಿಟ್ಟರು. ಆಗ ಅವರಿಗೆ 26ರ ಆಸುಪಾಸಿನ ವಯಸ್ಸು. ನಿಮ್ಮ ವಯಸ್ಸೇ.

ಅವರ ಅಣ್ಣನ ಮಗನ ಹೆಸರೂ ಅಡಾಲ್ಫ್ ಫಿಕ್ಕೇ. ಕಣ್ಣಿನ ವೈದ್ಯ. ಅದೇ ಜ್ಯೂರಿಕ್‌ನಲ್ಲಿ 1888ರಲ್ಲಿ ಅವರು ಕಣ್ಣಿನ ಮೇಲೇ ಇಟ್ಟುಕೊಳ್ಳುವ ಗಾಜಿನ ಲೆನ್ಸಿನ ಬಗ್ಗೆ ಬರೆದರು. ಮೊದಲು ಮೊಲಗಳಿಗೆ ಹಾಕಿ ನೋಡಿ, ಆಮೇಲೆ ತಮಗೇ ಹಾಕಿಕೊಂಡರು. ಆದರೆ ಕೆಲವು ಗಂಟೆಗಿಂತ ಹೆಚ್ಚು ಹೊತ್ತು ಅದನ್ನು ತಾಳಿಕೊಳ್ಳಲು ಆಗುತ್ತಿರಲಿಲ್ಲ. ಗಾಜಿನ ಮೂಲಕ ಆಮ್ಲಜನಕ ದಾಟುವುದಿಲ್ಲವಲ್ಲ! ಚಿಕ್ಕಪ್ಪ ಬರೆದ ನಿಯಮವೇ ಮಗನ ಲೆನ್ಸಿಗೆ ಅಡ್ಡ ಬಂತು.

ಆ ತೊಡಕು ಬಿಡಿಸಲು ಬಹಳ ವರ್ಷ ಹಿಡಿಯಿತು. 1961ರ ಕ್ರಿಸ್‌ಮಸ್ ಹೊತ್ತಿಗೆ ಚೆಕೊಸ್ಲೊವಾಕಿಯದ ರಸಾಯನಶಾಸ್ತ್ರಜ್ಞ ಒಟ್ಟೊ ವಿಖ್ಟರ್ಲೆ ಮನೆಯಲ್ಲೇ, ಮಕ್ಕಳ ಆಟದ ಸಾಮಾನು ಜೋಡಿಸಿ, ಸೈಕಲಿನ ಡೈನಮೋದಿಂದ ತಿರುಗಿಸಿ ನೀರು ಹೀರುವ ಮೆತ್ತನೆಯ ಲೆನ್ಸ್ ಮಾಡಿದರು. ಆ ನೀರಿನ ಮೂಲಕ ಆಮ್ಲಜನಕ ಸ್ವಲ್ಪ ಸ್ವಲ್ಪ ಸಾಗುತ್ತದೆ. 1990ರ ದಶಕದ ಕೊನೆಗೆ ಸಿಲಿಕೋನ್ ಬೆರೆಸಿದ ಲೆನ್ಸುಗಳು ಬಂದವು, ಅವುಗಳಲ್ಲಿ ಇನ್ನೂ ಚೆನ್ನಾಗಿ ಸಾಗುತ್ತದೆ. ಹಾಗೆಂದು ಅದೇ ಧೈರ್ಯದ ಮೇಲೆ ಮಲಗಬೇಡಿ. ಡಾಕ್ಟರು ಹೇಳದ ಹೊರತು ಲೆನ್ಸ್ ತೆಗೆದೇ ಮಲಗಿ. ನಲ್ಲಿ ನೀರಿನಲ್ಲಿ ತೊಳೆಯಬೇಡಿ. ಅಮ್ಮ ಹೇಳಿದರೆ ಬೇಸರ, ಪತ್ರಿಕೆಯಲ್ಲಿ ಬಂದರೆ ಓದುತ್ತೀರಿ ಎಂಬ ಆಸೆ ನನಗೆ.

ಎಗ್ಮೋರಿನಲ್ಲಿ ನೆಟ್ಟ ಬೀಜ

ಇದು ಇಷ್ಟಕ್ಕೇ ಮುಗಿದಿದ್ದರೆ ಲೇಖನ ಬರೆಯುತ್ತಿರಲಿಲ್ಲ. ಅಂದು ಡಾಕ್ಟರು ಇನ್ನೊಂದು ಮಾತು ಹೇಳಿದರು. “ರಕ್ತವಿಲ್ಲದೆ ಬದುಕುವ ಅಂಗವಾದ್ದರಿಂದಲೇ ಇದನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೊಡುವುದು ಸುಲಭವಾಯಿತು.”

ಮೂತ್ರಪಿಂಡವಾಗಲಿ ಹೃದಯವಾಗಲಿ ರಕ್ತದ ಹರಿವು ನಿಂತರೆ ಬೇಗ ಕೆಡುತ್ತದೆ. ಅದಕ್ಕೇ ಅವುಗಳ ದಾನ ಹೆಚ್ಚಾಗಿ ಆಸ್ಪತ್ರೆಯಲ್ಲಿ, ಮಿದುಳು ಸತ್ತು ಹೃದಯ ಇನ್ನೂ ಬಡಿಯುತ್ತಿರುವಾಗ ನಡೆಯುತ್ತದೆ. ಪಾರಪಟಲ ರಕ್ತವನ್ನು ನೆಚ್ಚಿಕೊಂಡದ್ದಲ್ಲ. ಉಸಿರು ನಿಂತ ಮೇಲೂ ಕೆಲವು ಗಂಟೆ ಅದು ಉಳಿದಿರುತ್ತದೆ. ಮನೆಯಲ್ಲಿ, ಹಾಸಿಗೆಯ ಮೇಲೆ ತೀರಿಕೊಂಡವರೂ ಕಣ್ಣು ಕೊಡಬಹುದು. ತೆಗೆದ ಮೇಲೆ ಅದನ್ನು ಪೋಷಕ ದ್ರವದಲ್ಲಿ ತಣ್ಣಗೆ ಇಟ್ಟರೆ ಕೆಲವು ದಿನ ಬಾಳುತ್ತದೆ. ಅಲ್ಲಿಯೂ ಊಟ ಹೋಗುವುದು ವಿಸರಣೆಯಿಂದಲೇ. ಇನ್ನೊಂದು ಲಾಭ, ಪರರ ಅಂಗ ಬಂದರೆ ಮೈ ಅದನ್ನು ಹೊರದೂಡಲು ನೋಡುತ್ತದೆ. ಆ ಕಾವಲುಗಾರರು ರಕ್ತದಲ್ಲಿ ಬರುವವರು. ರಕ್ತವೇ ಇಲ್ಲದ ಕಡೆ ಅವರ ಓಡಾಟ ಕಡಿಮೆ. ಹಾಗಾಗಿ ಪಾರಪಟಲಕ್ಕೆ ಬಹುಪಾಲು ಸಂದರ್ಭಗಳಲ್ಲಿ ರಕ್ತದ ಗುಂಪು ಹೊಂದಿಸುವ ತಾಪತ್ರಯವೂ ಇಲ್ಲ.

1905ರ ಡಿಸೆಂಬರ್ 7ರಂದು ಇಂದಿನ ಚೆಕ್ ದೇಶದ ಒಲೊಮೌಟ್ಸ್ ಎಂಬ ಊರಿನಲ್ಲಿ ಎಡುವರ್ಡ್ ಜಿರ್ಮ್ ಎಂಬ ವೈದ್ಯರು ಸುಣ್ಣ ಬಿದ್ದು ಕಣ್ಣು ಕಳೆದುಕೊಂಡಿದ್ದ ಕೂಲಿಯೊಬ್ಬನಿಗೆ ಮೊದಲ ಸಲ ಪಾರಪಟಲವನ್ನು ಯಶಸ್ವಿಯಾಗಿ ಕಸಿ ಮಾಡಿದರು. ಭಾರತದಲ್ಲಿ ಮೊದಲ ನೇತ್ರಬ್ಯಾಂಕ್ ಎಲ್ಲಿ ಆರಂಭವಾಯಿತು ಗೊತ್ತೆ? ದೆಹಲಿಯಲ್ಲಲ್ಲ, ಮುಂಬಯಿಯಲ್ಲಲ್ಲ. ನಾವು ಬೆಂಗಳೂರು ರೈಲಿಗೆ ಸೆಂಟ್ರಲ್‌ಗೆ ಓಡುವಾಗ ಹಾದುಹೋಗುವ ಎಗ್ಮೋರಿನ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ, 1945ರಲ್ಲಿ, ಡಾ. ಆರ್.ಇ.ಎಸ್. ಮುತ್ತಯ್ಯ ಅವರಿಂದ. 1819ರಲ್ಲಿ ಶುರುವಾದ ಆ ಆಸ್ಪತ್ರೆ ಏಷ್ಯಾದಲ್ಲೇ ಹಳೆಯ ಕಣ್ಣಾಸ್ಪತ್ರೆ. ಮುಂದೆ 1978ರಲ್ಲಿ ಡಾ. ಎಸ್.ಎಸ್. ಬದರಿನಾಥ್ ಅವರು ಶಂಕರ ನೇತ್ರಾಲಯ ಆರಂಭಿಸಿದರು. ಕಣ್ಣಿನ ವಿಷಯದಲ್ಲಿ ನಾವಿರುವ ಊರು ಸಾಮಾನ್ಯದ್ದಲ್ಲ.

ಕನ್ನಡಿಗರಿಗೆ ಈ ವಿಷಯ ಮುಟ್ಟಿಸಿದವರು ಡಾ. ರಾಜ್‌ಕುಮಾರ್. 1994ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಅವರ ಹೆಸರಿನ ನೇತ್ರಬ್ಯಾಂಕ್ ಆರಂಭವಾದಾಗ ತಮ್ಮ ಇಡೀ ಕುಟುಂಬದ ಕಣ್ಣು ಕೊಡುವುದಾಗಿ ಮಾತು ಕೊಟ್ಟರು. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಊರೆಲ್ಲ ದುಃಖದಲ್ಲಿ ಮುಳುಗಿತ್ತು. ಆ ಗದ್ದಲದಲ್ಲೂ ಮನೆಯವರು ಮಾತು ಉಳಿಸಿಕೊಂಡರು. 2021ರ ಅಕ್ಟೋಬರ್ 29ರಂದು ಪುನೀತ್ ಹೋದಾಗಲೂ ಅಷ್ಟೆ. ಪುನೀತ್ ನಮ್ಮ ಊರಿನ ಮಗು. ಕನ್ನಡ ಚಿತ್ರರಂಗ ಮದ್ರಾಸಿನಲ್ಲಿ ನೆಲೆಸಿದ್ದ ಕಾಲದಲ್ಲಿ, 1975ರ ಮಾರ್ಚ್ 17ರಂದು ಹುಟ್ಟಿದ್ದು ಇಲ್ಲೇ. ಅವರ ಎರಡು ಕಣ್ಣುಗಳ ಪಾರಪಟಲಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ ನಾಲ್ಕು ಜನರಿಗೆ ಕಸಿ ಮಾಡಿದರು. ಅರ್ಧ ಮಿಲಿಮೀಟರಿನ ಪದರವನ್ನು ಇಬ್ಬರಿಗೆ ಹಂಚಿದರು ಎಂದರೆ ವೈದ್ಯರ ಕೈಚಳಕವನ್ನು ಮೆಚ್ಚಬೇಡವೆ?

ನಮ್ಮ ಮನೆಯಲ್ಲಿ ಆದದ್ದು

ಈಗ ಹೇಳಲು ಕಷ್ಟವಾದ ಮಾತು. ನಮ್ಮ ಅತ್ತೆಯವರು ರಾಜ್‌ಕುಮಾರ್ ಅಭಿಮಾನಿ. ಅವರು ಮಾಡಿದಂತೆ ನಾನೂ ಮಾಡುತ್ತೇನೆ ಎಂದು ಒಂದು ಶಿಬಿರದಲ್ಲಿ ನೇತ್ರದಾನದ ಪತ್ರಕ್ಕೆ ಸಹಿ ಹಾಕಿ ಬಂದಿದ್ದರು. ಅವರ ಕನ್ನಡ ಸಹಿ ನೋಡಿ ಅಲ್ಲಿದ್ದವರು ಇದೇನು ತೆಲುಗೇ ಎಂದು ಕೇಳಿದರಂತೆ. ಅದನ್ನು ಹೇಳಿಕೊಂಡು ನಗುತ್ತಿದ್ದರು. ಕಾರ್ಡು ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿತ್ತು. ನಮಗೆಲ್ಲ ಗೊತ್ತಿತ್ತು.

2013ರ ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಅವರು ಹೋದರು. ನಮ್ಮವರು ಮೈಸೂರಿಗೆ, ಹಾಸನಕ್ಕೆ ಫೋನು ಮಾಡುತ್ತ ಕೂತರು. ನಾನು ದೀಪ ಹಚ್ಚಿಟ್ಟು ನಡುಮನೆ ಖಾಲಿ ಮಾಡಿಸುತ್ತಿದ್ದೆ. ಸೆಕೆಯೆಂದು ಯಾರೋ ಫ್ಯಾನು ಜೋರಾಗಿ ಹಾಕಿದರು. ಅವರ ಕಣ್ಣು ಅರ್ಧ ತೆರೆದಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ನಾದಿನಿ ಬೆಂಗಳೂರಿನಿಂದ ಬಂದವಳು, “ಅಮ್ಮನ ಕಣ್ಣು ಕೊಟ್ಟಿರಾ ಅತ್ತಿಗೆ?” ಎಂದು ಕೇಳಿದಳು. ಆಗ ನೆನಪಾಯಿತು. ಫೋನು ಮಾಡಿದೆವು. ಒಂಬತ್ತು ಗಂಟೆ ಕಳೆದಿದೆ, ಆರು ಗಂಟೆಯೊಳಗೆ ಹೇಳಬೇಕಿತ್ತಮ್ಮ ಎಂದು ಆ ಕಡೆಯವರು ಮೆತ್ತಗೆ ಹೇಳಿದರು. ಅತ್ತೆಯವರು ಕೇಳಿದ್ದ ಒಂದೇ ಒಂದು ಕೊನೆಯ ಕೆಲಸ ಅದು. ತಪ್ಪು ಬೇರೆ ಯಾರದೂ ಅಲ್ಲ, ನಮ್ಮದೇ.

ಯಾಕೆ ಆರು ಗಂಟೆ, ಯಾಕೆ ಫ್ಯಾನು ಆರಿಸಬೇಕು ಎಂಬುದು ಮಗಳ ಡಾಕ್ಟರು ಬಿಡಿಸಿ ಹೇಳಿದ ಮೇಲೆ ನನಗೆ ತಿಳಿಯಿತು. ರಕ್ತ ನಿಂತ ಮೇಲೆ ಕಣ್ಣಿನೊಳಗಿನ ತಿಳಿನೀರು ಹೊಸದಾಗುವುದಿಲ್ಲ. ಹಿಂದಿನಿಂದ ಬರುವ ಸಕ್ಕರೆ ಮುಗಿಯುತ್ತ ಬರುತ್ತದೆ. ಪಾರಪಟಲದ ಹಿಂಬದಿಯ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮುಂದೆ ಕಣ್ಣೀರಿಲ್ಲದೆ ಗಾಳಿಗೆ ಒಣಗಿದರೆ ಮೇಲ್ಪದರವೂ ಕೆಡುತ್ತದೆ. ಇಷ್ಟು ತಿಳಿದಿದ್ದರೆ ಅಂದು ಮರೆಯುತ್ತಿರಲಿಲ್ಲವೇನೋ. ಬರೀ ‘ಆರು ಗಂಟೆ’ ಎಂಬ ಮಾತು ಮರೆತುಹೋಗುತ್ತದೆ, ಕಾರಣ ತಿಳಿದದ್ದು ಮರೆಯುವುದಿಲ್ಲ.

ಕಳೆದ ಆಡಿ ತಿಂಗಳಲ್ಲಿ ನಮ್ಮ ಪಕ್ಕದ ಮನೆಯ ಮಾಮಿ ತೀರಿಕೊಂಡರು. ಮಕ್ಕಳಿಬ್ಬರೂ ಪರದೇಶದಲ್ಲಿ. ಮಾಮಾ ಮಂಕಾಗಿ ಕೂತಿದ್ದರು. ನಾನು ಹತ್ತಿರ ಕೂತು ಮೆಲ್ಲಗೆ ಕೇಳಿದೆ. ಅವರು ಮಕ್ಕಳಿಗೆ ಫೋನು ಮಾಡಿ ಮಾತಾಡಿ, ಆಗಲಿ ಎಂದರು. ಫ್ಯಾನು ಆರಿಸಿದೆ. ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟೆ. ತಲೆಯ ಕೆಳಗೆ ಒಂದು ದಿಂಬು ಕೊಟ್ಟೆ. ಮಗಳು ನೇತ್ರಬ್ಯಾಂಕಿಗೆ ಫೋನು ಮಾಡಿದಳು. ಒಂದು ಗಂಟೆಯೊಳಗೆ ಇಬ್ಬರು ಬಂದು ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿ ಕೈಮುಗಿದು ಹೋದರು. ಮಾಮಿಯ ಮುಖದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮಲಗಿದ್ದಾರೆ ಅನ್ನುವ ಹಾಗೇ ಇದ್ದರು.

ನೀವು ತಿಳಿದಿರಬೇಕಾದದ್ದು ಇಷ್ಟೆ. ಯಾವ ವಯಸ್ಸಿನವರೂ ಕಣ್ಣು ಕೊಡಬಹುದು. ಕನ್ನಡಕ ಹಾಕಿದ್ದರೂ, ಪೊರೆ ತೆಗೆಸಿಕೊಂಡಿದ್ದರೂ, ಸಕ್ಕರೆ ಕಾಯಿಲೆ ಇದ್ದರೂ ಅಡ್ಡಿಯಿಲ್ಲ. ಏಡ್ಸ್, ಕಾಮಾಲೆಯ ಕೆಲವು ಬಗೆ, ಹುಚ್ಚುನಾಯಿ ರೋಗ, ರಕ್ತದ ಕ್ಯಾನ್ಸರ್ ಇಂಥವುಗಳಿದ್ದರೆ ಆಗದು. ಅದನ್ನು ನೇತ್ರಬ್ಯಾಂಕಿನವರೇ ಪರೀಕ್ಷಿಸಿ ತೀರ್ಮಾನಿಸುತ್ತಾರೆ. ಪತ್ರಕ್ಕೆ ಸಹಿ ಹಾಕಿರದಿದ್ದರೂ ಹತ್ತಿರದ ಬಂಧುಗಳು ಒಪ್ಪಿದರೆ ಸಾಕು. ಸಹಿ ಹಾಕಿದ್ದರೂ ಮನೆಯವರು ಫೋನು ಮಾಡದಿದ್ದರೆ ಅದು ಬರೀ ಕಾಗದ, ನಮ್ಮ ಅತ್ತೆಯವರ ಕಾರ್ಡಿನಂತೆ. ಆದ್ದರಿಂದ ಇಂದೇ ಒಂದು ಕೆಲಸ ಮಾಡಿ. ನಿಮ್ಮ ಬಡಾವಣೆಗೆ ಹತ್ತಿರದ ನೇತ್ರಬ್ಯಾಂಕಿನ ನಂಬರು ಕೇಳಿ ತಿಳಿದು ನಿಮ್ಮ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಅಮ್ಮನ ಹತ್ತಿರ, ಅಜ್ಜಿಯ ಹತ್ತಿರ ಈ ಮಾತು ತೆಗೆಯಿರಿ. ಅಪಶಕುನ ಎಂದು ಮೊದಲು ಗದರಿಸಬಹುದು. ಪಾನಕದ ಕಥೆಯಿಂದ ಶುರು ಮಾಡಿ. ಪ್ರತಿವರ್ಷ ಆಗಸ್ಟ್ 25ರಿಂದ ಸೆಪ್ಟೆಂಬರ್ 8ರವರೆಗೆ ದೇಶವೆಲ್ಲ ನೇತ್ರದಾನ ಪಕ್ಷ ನಡೆಯುತ್ತದೆ. ನಮ್ಮ ಸಂಘದ ಯುವಕರು ಆ ದಿನಗಳಲ್ಲಿ ಒಂದು ಶಿಬಿರ ನಡೆಸಿದರೆ ಎಲ್ಲರಿಗೂ ಕೇಸರಿಬಾತು ಮಾಡಿಕೊಡುವ ಜವಾಬ್ದಾರಿ ನನ್ನದು.

ಇದ್ದಲ್ಲಿಂದ ಇಲ್ಲದಲ್ಲಿಗೆ ಹರಡುವುದು ಅಣುಗಳ ಸ್ವಭಾವ ಎಂದೆ. ಅವಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಒಬ್ಬರ ಕಣ್ಣು ಇನ್ನೊಬ್ಬರಿಗೆ ತಾನಾಗಿ ಹೋಗುವುದಿಲ್ಲ. ಮನೆಯಲ್ಲಿ ಒಬ್ಬರು ಎದ್ದು ಫ್ಯಾನು ಆರಿಸಿ ಫೋನು ಮಾಡಬೇಕು. ನಿಮ್ಮ ಮನೆಯಲ್ಲಿ ಆ ಒಬ್ಬರು ನೀವಾಗಿರಿ ಎಂದು ಕೇಳಿಕೊಳ್ಳುತ್ತೇನೆ.